ರೇಲ್ಸ್‌ನಲ್ಲಿ ಸ್ಯಾಸ್: ಟರ್ಮಿನಲ್ ತುಂಬಾ ಈ ಎಚ್ಚರಿಕೆಗಳು ಯಾಕೆ?

ವೆಬ್ ಆ್ಯಪ್ ಕಟ್ಟಲು ಬಳಸುವ ರೂಬಿ ಆನ್ ರೇಲ್ಸ್ ಎಂಬ ಚೌಕಟ್ಟಿನಲ್ಲಿ ಕೆಲಸ ಮಾಡುವ ತುಂಬಾ ಜನರಿಗೆ 2024ರ ಕೊನೆಯಿಂದ ಈಚೆಗೆ ಒಂದೇ ಗೊಂದಲ. ನಿನ್ನೆಯವರೆಗೆ ಚೆನ್ನಾಗಿಯೇ ಓಡುತ್ತಿದ್ದ ಆ್ಯಪ್. ಒಂದು ಸಣ್ಣ ಅಪ್‌ಡೇಟ್ ಹಾಕಿದ್ದೇ ತಡ, ಟರ್ಮಿನಲ್ ತುಂಬಾ ಎಚ್ಚರಿಕೆಯ ಸಾಲುಗಳು. ಪುಟಗಳ ಬಣ್ಣ, ಅಳತೆ ಬರೆಯುವ ಸ್ಯಾಸ್ ಭಾಷೆಯಲ್ಲಿ ಒಂದು ಫೈಲ್‌ಗೆ ಇನ್ನೊಂದನ್ನು ಸೇರಿಸುವ ಇಂಪೋರ್ಟ್ ನಿಯಮ ಹಳತಾಗಿದೆ, ಸ್ಯಾಸ್ ಅನ್ನು ಬ್ರೌಸರ್‌ಗೆ ಅರ್ಥವಾಗುವಂತೆ ಬದಲಿಸುವ (ಕಂಪೈಲ್ ಮಾಡುವ) ಡಾರ್ಟ್ ಸ್ಯಾಸ್‌ನ 3.0.0 ಆವೃತ್ತಿ ಬಂದಾಗ ಅದು ಇರುವುದಿಲ್ಲ ಅಂತ ಆ ಸಾಲುಗಳು ಹೇಳುತ್ತವೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 2024ರ ನವೆಂಬರ್‌ನಲ್ಲಿ, ರೇಲ್ಸ್ 8 ಕೂಡ ಬಂತು. ಅದರಲ್ಲಿ ಹೊಸ ಆ್ಯಪ್ ಶುರು ಮಾಡಿ ನೋಡಿದರೆ, ಕೇಳದ ಹೊರತು ಸ್ಯಾಸ್ ಕಂಪೈಲ್ ಮಾಡುವ ವ್ಯವಸ್ಥೆಯೇ ಇರುವುದಿಲ್ಲ.

ಇವೆರಡನ್ನೂ ಒಟ್ಟಿಗೆ ನೋಡಿದವರು 'ಸ್ಯಾಸ್ ಕಥೆ ಮುಗಿಯಿತು' ಅಂದುಕೊಂಡರು. ಕೆಲವರು ಇರುವ ಸ್ಟೈಲ್‌ಶೀಟ್‌ಗಳನ್ನೆಲ್ಲ ಮೊದಲಿನಿಂದ ಬರೆಯಲು ಹೊರಟರೆ, ಇನ್ನು ಕೆಲವರು ಎಚ್ಚರಿಕೆಗಳ ಬಾಯಿ ಮುಚ್ಚಿಸಿ ಸುಮ್ಮನಾದರು. ಎರಡೂ ಆತುರದ ತೀರ್ಮಾನ. ಇಲ್ಲಿ ಒಂದರ ಮೇಲೊಂದು ಮೂರು ಬದಲಾವಣೆ ಆಗಿವೆ. ಸ್ಯಾಸ್ ಅನ್ನು ಕಂಪೈಲ್ ಮಾಡುವ ಯಂತ್ರ ಬದಲಾಯಿತು. ಸ್ಯಾಸ್ ಭಾಷೆಯೇ ಬದಲಾಗುತ್ತಿದೆ. ಕಂಪೈಲ್ ನಡೆಯುವ ಜಾಗವೂ ಬದಲಾಯಿತು. ಮೂರಕ್ಕೂ ಬೇರೆ ಬೇರೆ ಕಾರಣ, ಬೇರೆ ಬೇರೆ ಪರಿಹಾರ. ಒಂದರ ಕಾಯಿಲೆಗೆ ಇನ್ನೊಂದರ ಮದ್ದು ಕೊಟ್ಟರೆ ತೊಂದರೆ ಜಾಸ್ತಿಯೇ ಆಗುತ್ತದೆ. ಅದಕ್ಕೇ ಮೊದಲು ಇವನ್ನು ಬಿಡಿಸಿ ನೋಡಬೇಕು.

ಬ್ರೌಸರ್‌ಗೆ ಸ್ಯಾಸ್ ಗೊತ್ತಿಲ್ಲ

ಕ್ರೋಮ್ ಆಗಲಿ, ಫೈರ್‌ಫಾಕ್ಸ್ ಆಗಲಿ, ಓದುವುದು ಪುಟದ ರೂಪ ಹೇಳುವ ಸಿಎಸ್‌ಎಸ್ ಭಾಷೆಯನ್ನು ಮಾತ್ರ. ಸ್ಯಾಸ್ ಎಂಬುದು ಬರೆಯುವವರ ಅನುಕೂಲಕ್ಕೆ ಮಾಡಿದ ಭಾಷೆ. ಹ್ಯಾಂಪ್ಟನ್ ಕ್ಯಾಟ್ಲಿನ್ ಅದನ್ನು ರೂಪಿಸಿದ್ದು 2006ರಲ್ಲಿ. ಮುಂದೆ ಅದನ್ನು ಬೆಳೆಸಿದವರಲ್ಲಿ ನ್ಯಾಟಲಿ ವೈಜನ್‌ಬಾಮ್ ಅವರ ಪಾಲು ದೊಡ್ಡದು. ಆಗಿನ ಸಿಎಸ್‌ಎಸ್‌ನಲ್ಲಿ ಒಂದು ಬಣ್ಣವನ್ನು ಐವತ್ತು ಕಡೆ ಬಳಸಿದರೆ ಐವತ್ತು ಕಡೆಯೂ ಬರೆಯಬೇಕಿತ್ತು. ಬಣ್ಣ ಬದಲಾದರೆ ಐವತ್ತು ಕಡೆ ತಿದ್ದಬೇಕಿತ್ತು. ಸ್ಯಾಸ್‌ನಲ್ಲಿ ಆ ಬಣ್ಣಕ್ಕೆ ಒಂದು ಹೆಸರಿಟ್ಟು, ಹೆಸರನ್ನು ಬಳಸುತ್ತಾ ಹೋಗಬಹುದು. ಒಂದು ನಿಯಮದೊಳಗೆ ಇನ್ನೊಂದನ್ನು ಬರೆಯಬಹುದು, ಇದೇ ನೆಸ್ಟಿಂಗ್. ಮತ್ತೆ ಮತ್ತೆ ಬರುವ ಸಾಲುಗಳನ್ನು ಒಂದು ಹೆಸರಿನ ಕಟ್ಟಾಗಿ (ಮಿಕ್ಸಿನ್) ಮಾಡಿ ಇಟ್ಟುಕೊಳ್ಳಬಹುದು.

ಈ ಅನುಕೂಲಕ್ಕೆ ಒಂದು ಬೆಲೆ ಇದೆ. ನಾವು ಬರೆದಿದ್ದಕ್ಕೂ ಬ್ರೌಸರ್ ಓದುವುದಕ್ಕೂ ನಡುವೆ ಯಾರಾದರೂ ನಿಂತು ಅದನ್ನು ಸಿಎಸ್‌ಎಸ್ ಆಗಿ ಬದಲಿಸಿಕೊಡಬೇಕು. ಆ ಕೆಲಸವೇ ಕಂಪೈಲ್. ಅದನ್ನು ಯಾರು, ಎಲ್ಲಿ, ಯಾವಾಗ ಮಾಡಬೇಕು ಅನ್ನುವುದೇ ಈಗಿನ ಗೊಂದಲದ ಬೇರು.

2011ರಲ್ಲಿ ಎಲ್ಲವೂ ರೇಲ್ಸ್ ಒಳಗೆ ಬಂತು

2011ರಲ್ಲಿ ಬಂದ ರೇಲ್ಸ್ 3.1 ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿತು: ಎಲ್ಲವನ್ನೂ ನಾನೇ ಮಾಡುತ್ತೇನೆ. ಸ್ಟೈಲ್‌ಶೀಟ್, ಚಿತ್ರಗಳನ್ನು ಸಿದ್ಧ ಮಾಡುವ ಅದರ ಅಸೆಟ್ ಪೈಪ್‌ಲೈನ್ ಒಳಗೆ ಸ್ಪ್ರಾಕೆಟ್ಸ್ ಎಂಬ ಲೈಬ್ರರಿ ಇತ್ತು. ಡೆವಲಪ್‌ಮೆಂಟ್‌ನಲ್ಲಿ, ಅಂದರೆ ಕೋಡ್ ಬರೆಯುವವರ ಯಂತ್ರದಲ್ಲಿ, ಬ್ರೌಸರ್ ಒಂದು ಸ್ಟೈಲ್‌ಶೀಟ್ ಕೇಳಿದ ತಕ್ಷಣ ಸ್ಪ್ರಾಕೆಟ್ಸ್ ಆ ಫೈಲ್ ಹುಡುಕುತ್ತಿತ್ತು. ಅದರ ಹೆಸರಿನ ಬಾಲ ನೋಡಿ 'ಓ, ಇದು ಸ್ಯಾಸ್' ಅಂತ ಗುರುತಿಸುತ್ತಿತ್ತು, ಕಂಪೈಲ್ ಮಾಡಿ ಕೊಡುತ್ತಿತ್ತು, ಫಲಿತಾಂಶವನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಫೈಲ್ ತಿದ್ದಿ ಪೇಜ್ ರಿಫ್ರೆಶ್ ಮಾಡಿದರೆ ಸಾಕು, ಹೊಸ ರೂಪ ಕಣ್ಣ ಮುಂದೆ.

ಪ್ರೊಡಕ್ಷನ್‌ಗೆ, ಅಂದರೆ ಜನ ಬಳಸುವ ಸೈಟ್‌ಗೆ, ಬೇರೆ ದಾರಿ. ಡಿಪ್ಲಾಯ್ ಮಾಡುವಾಗ (ಕೋಡ್ ಅನ್ನು ಅಲ್ಲಿಗೆ ಏರಿಸುವಾಗ) 'ಅಸೆಟ್ಸ್ ಪ್ರಿಕಂಪೈಲ್' ಎಂಬ ಆಜ್ಞೆ ಓಡುತ್ತದೆ. ಎಲ್ಲ ಸ್ಟೈಲ್‌ಶೀಟ್‌ಗಳನ್ನೂ ಒಮ್ಮೆಗೇ ಕಂಪೈಲ್ ಮಾಡಿ, ಕುಗ್ಗಿಸಿ, ಫೈಲ್ ಹೆಸರಿಗೆ ಅಂಕಿ ಮತ್ತು ಅಕ್ಷರಗಳ ಒಂದು ಉದ್ದನೆಯ ಗುರುತು ಅಂಟಿಸುತ್ತದೆ. ಈ ಗುರುತು ಫೈಲ್‌ನ ಒಳಗಿರುವುದರಿಂದಲೇ ಹುಟ್ಟುತ್ತದೆ. ಒಳಗೆ ಒಂದು ಅಕ್ಷರ ಬದಲಾದರೂ ಗುರುತು ಬದಲಾಗುತ್ತದೆ. ಹಾಗಾಗಿ ಬ್ರೌಸರ್ ಹಳೆಯ ಫೈಲ್ ಅನ್ನು ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು, ಹೊಸದು ಬಂದಾಗ ತಪ್ಪದೆ ಹೊಸದನ್ನೇ ತರುತ್ತದೆ.

ಆ ಕಾಲಕ್ಕೆ ಇದು ದೊಡ್ಡ ಉಪಕಾರ. ಸಣ್ಣ ತಂಡಗಳು ಬೇರೆ ಯಾವ ಟೂಲೂ ಇಲ್ಲದೆ ಕೆಲಸ ಮುಗಿಸುತ್ತಿದ್ದವು. ಆದರೆ ಒಳಗೆ ಒಂದು ಗಂಟು ಬಿದ್ದಿತ್ತು. ಕಂಪೈಲ್ ಮಾಡುವುದು, ಜೋಡಿಸುವುದು, ಕುಗ್ಗಿಸುವುದು, ಹೆಸರಿಡುವುದು ಎಲ್ಲವೂ ಒಂದೇ ಯಂತ್ರದ ಕೈಯಲ್ಲಿ ಇದ್ದವು. ಒಂದು ಹಳೆಯದಾದರೆ ಉಳಿದವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಿತ್ತು.

ಗೊಂದಲ ಆಗಲೇ ಶುರುವಾಗಿತ್ತು ಅನ್ನಿ. ಸ್ಪ್ರಾಕೆಟ್ಸ್‌ಗೆ ಫೈಲ್‌ಗಳನ್ನು ಜೋಡಿಸಲು ತನ್ನದೇ 'ರಿಕ್ವೈರ್' ಸಾಲು ಇತ್ತು. ಸ್ಯಾಸ್‌ಗೆ ತನ್ನದೇ 'ಇಂಪೋರ್ಟ್' ಸಾಲು. ನೋಡಲು ಎರಡೂ ಒಂದೇ ಕೆಲಸ ಮಾಡುವಂತೆ ಕಂಡರೂ, ರಿಕ್ವೈರ್ ಬಳಸಿದರೆ ಪ್ರತಿ ಫೈಲೂ ಬೇರೆ ಬೇರೆಯಾಗಿ ಕಂಪೈಲ್ ಆಗಿ, ಆಮೇಲೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆದ್ದರಿಂದ ಬಣ್ಣಗಳ ಹೆಸರನ್ನು ಒಂದು ಫೈಲ್‌ನಲ್ಲಿ ಇಟ್ಟು ಇನ್ನೊಂದರಲ್ಲಿ ಬಳಸಿದರೆ 'ಇಂಥ ಹೆಸರೇ ಇಲ್ಲ' ಅನ್ನುವ ದೋಷ. ಇಂಪೋರ್ಟ್ ಬಳಸಿದರೆ ಎಲ್ಲ ಒಟ್ಟಿಗೆ ಕಂಪೈಲ್ ಆಗುತ್ತವೆ, ಹೆಸರು ಸಿಗುತ್ತದೆ. ರೇಲ್ಸ್‌ನ ಅಧಿಕೃತ ಮಾರ್ಗದರ್ಶಿಯೇ ಸ್ಯಾಸ್ ಜೊತೆ ಇಂಪೋರ್ಟ್ ಬಳಸಿ ಎಂದು ಹೇಳಿತು. ಜನ ಹಾಗೇ ಮಾಡಿದರು. ಈಗ ಹೋಗುತ್ತಿರುವುದು ಅದೇ ಇಂಪೋರ್ಟ್.

ಮೂರು ಕಂಪೈಲರ್‌ಗಳು ಬಂದ ದಾರಿ

ಮೊದಲ ಸ್ಯಾಸ್ ಕಂಪೈಲರ್ ರೂಬಿಯಲ್ಲಿತ್ತು. ರೇಲ್ಸ್ ಕೂಡ ರೂಬಿ, ಹಾಗಾಗಿ ಹೊಂದಾಣಿಕೆ ಸಲೀಸು. ಆದರೆ ಸ್ಟೈಲ್‌ಶೀಟ್‌ಗಳು ದೊಡ್ಡದಾದಂತೆ ಅದು ನಿಧಾನ ಅನ್ನಿಸತೊಡಗಿತು. ಬೇರೆ ಭಾಷೆಗಳಲ್ಲಿ ಕೆಲಸ ಮಾಡುವವರಿಗೆ ಸ್ಯಾಸ್ ಬೇಕೆಂದರೆ ರೂಬಿಯನ್ನೂ ಹಾಕಿಕೊಳ್ಳಬೇಕಿತ್ತು.

ಅದಕ್ಕೆ ಪರಿಹಾರವಾಗಿ ಬಂದದ್ದು ಲಿಬ್‌ಸ್ಯಾಸ್. ಸಿ++ನಲ್ಲಿ ಬರೆದದ್ದು, ವೇಗವಾದದ್ದು, ಯಾವ ಭಾಷೆಗೆ ಬೇಕಾದರೂ ಅಂಟಿಸಬಹುದಾದದ್ದು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಅದು ನೋಡ್-ಸ್ಯಾಸ್ ಆಯಿತು, ರೂಬಿಯಲ್ಲಿ ಸ್ಯಾಸ್‌ಸಿ ಆಯಿತು. ರೂಬಿ ಸ್ಯಾಸ್ 2019ರ ಮಾರ್ಚ್‌ನಲ್ಲಿ ನಿಂತ ಮೇಲೆ ರೇಲ್ಸ್ ಲೋಕ ಸ್ಯಾಸ್‌ಸಿ ಕಡೆಗೆ ಹೋಯಿತು. ರೇಲ್ಸ್ 6ರ ಕಾಲದ ಹೊಸ ಆ್ಯಪ್‌ಗಳಲ್ಲಿ ಹೆಚ್ಚಿನವು ಅದರ ಜೊತೆಯಲ್ಲೇ ಹುಟ್ಟಿದವು.

ಆದರೆ ಲಿಬ್‌ಸ್ಯಾಸ್‌ಗೆ ಸಿಎಸ್‌ಎಸ್ ಬೆಳೆಯುವ ವೇಗಕ್ಕೆ ಹೆಜ್ಜೆ ಹಾಕಲು ಆಗಲಿಲ್ಲ. ಸಿ++ನಲ್ಲಿ ಒಂದು ಹೊಸ ಸೌಲಭ್ಯ ಸೇರಿಸುವುದು ದೊಡ್ಡ ಕೆಲಸ, ಮಾಡುವ ಕೈಗಳು ಕಡಿಮೆ. ಇತ್ತ ಸ್ಯಾಸ್ ತಂಡ ಡಾರ್ಟ್ ಭಾಷೆಯಲ್ಲಿ ಹೊಸ ಕಂಪೈಲರ್ ಬರೆದು 2018ರಲ್ಲಿ ಅದರ 1.0 ಆವೃತ್ತಿ ಬಿಡುಗಡೆ ಮಾಡಿತ್ತು. 2020ರ ಅಕ್ಟೋಬರ್‌ನಲ್ಲಿ ಲಿಬ್‌ಸ್ಯಾಸ್ ಹಳತಾಗಿದೆ, ಇನ್ನು ಅದಕ್ಕೆ ಹೊಸ ಸೌಲಭ್ಯ ಬರುವುದಿಲ್ಲ ಎಂದು ಘೋಷಿಸಿತು. ಅಂದಿನಿಂದ ಸ್ಯಾಸ್ ಅಂದರೆ ಡಾರ್ಟ್ ಸ್ಯಾಸ್.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಈಗ ಕಾಣುವ ಇಂಪೋರ್ಟ್ ಎಚ್ಚರಿಕೆ ಡಾರ್ಟ್ ಸ್ಯಾಸ್‌ನದ್ದು. ಸ್ಯಾಸ್‌ಸಿ ಮೇಲೆ ನಿಂತಿರುವ ಹಳೆಯ ಆ್ಯಪ್‌ಗಳಲ್ಲಿ ಅದು ಕಾಣುವುದೇ ಇಲ್ಲ. ಎಚ್ಚರಿಕೆ ಬರುತ್ತಿಲ್ಲ ಎಂದು ನೆಮ್ಮದಿಯಿಂದ ಇರುವವರೇ ನಿಜಕ್ಕೂ ಹಿಂದೆ ಉಳಿದವರು. ಅವರ ಕಂಪೈಲರ್ ಭಾಷೆಯ ಹೊಸ ನಿಯಮಗಳನ್ನು ಕಲಿಯುವುದನ್ನೇ ನಿಲ್ಲಿಸಿದೆ.

ಹಸಿರು ಬಣ್ಣ ಎಲ್ಲಿ ಹೋಯಿತು?

ಹಿಂದೆ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ದೋಷವನ್ನು ಹತ್ತಿರದಿಂದ ನೋಡೋಣ. ರೇಲ್ಸ್ ಮಾಡುವವರಲ್ಲಿ ತುಂಬಾ ಜನ ಇದಕ್ಕೆ ಸಿಕ್ಕಿಬಿದ್ದಿದ್ದಾರೆ.

ರೇಲ್ಸ್ 6ರಲ್ಲಿ ಹುಟ್ಟಿದ ಒಂದು ಆ್ಯಪ್‌ಗೆ ಟೈಲ್‌ವಿಂಡ್ ಎಂಬ ಸಿದ್ಧ ಸಿಎಸ್‌ಎಸ್ ಲೈಬ್ರರಿ ಸೇರಿಸುತ್ತಾರೆ ಎಂದುಕೊಳ್ಳಿ. ಡೆವಲಪ್‌ಮೆಂಟ್‌ನಲ್ಲಿ ಎಲ್ಲ ಸರಿ. ಡಿಪ್ಲಾಯ್ ಮಾಡಲು ಹೋದರೆ ಪ್ರಿಕಂಪೈಲ್ ಹಂತದಲ್ಲಿ ನಿಂತುಬಿಡುತ್ತದೆ. ಸಂದೇಶ ಏನೆಂದರೆ, ಬಣ್ಣ ಹೇಳುವ ಆರ್‌ಜಿಬಿ ಫಂಕ್ಷನ್‌ಗೆ 'ಗ್ರೀನ್' ಸಿಕ್ಕಿಲ್ಲ. ಟೈಲ್‌ವಿಂಡ್ ಕೊಡುವುದು ಅಪ್ಪಟ ಸಿಎಸ್‌ಎಸ್. ಅದರಲ್ಲಿ ಸ್ಯಾಸ್ ಒಂದು ಸಾಲೂ ಇಲ್ಲ. ಹಾಗಿದ್ದರೆ ಸ್ಯಾಸ್ ಯಾಕೆ ಗಲಾಟೆ ಮಾಡುತ್ತಿದೆ?

ಕಾರಣ ಎರಡು ಮೆಟ್ಟಿಲಿನದು. ಮೊದಲನೆಯದು, ಸ್ಯಾಸ್‌ಸಿ-ರೇಲ್ಸ್ ಎಂಬ ಜೆಮ್ (ರೂಬಿಯ ಲೈಬ್ರರಿ) ಸ್ಯಾಸ್ ಕಂಪೈಲ್ ಮಾಡುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಹೊತ್ತುಕೊಂಡಿದೆ. ಡೆವಲಪ್‌ಮೆಂಟ್ ಬಿಟ್ಟು ಉಳಿದ ಕಡೆ, ಬೇರೆ ಏನನ್ನೂ ಹೇಳದಿದ್ದರೆ, ಎಲ್ಲ ಸಿಎಸ್‌ಎಸ್ ಅನ್ನೂ ಕುಗ್ಗಿಸುವುದು ತಾನೇ ಎಂದು ಹೇಳಿಕೊಳ್ಳುತ್ತದೆ. ಕುಗ್ಗಿಸಲು ಅದು ಬಳಸುವುದು ಲಿಬ್‌ಸ್ಯಾಸ್ ಅನ್ನೇ. ಅಂದರೆ ಸ್ಯಾಸ್ ಅಲ್ಲದ ಫೈಲ್ ಕೂಡ ಸ್ಯಾಸ್ ಕಂಪೈಲರ್ ಮೂಲಕ ಹಾದುಹೋಗುತ್ತದೆ.

ಎರಡನೆಯದು ಬಣ್ಣ ಬರೆಯುವ ಹೊಸ ರೀತಿ. ಹಿಂದೆ ಆರ್‌ಜಿಬಿ ಆವರಣದೊಳಗೆ ಕೆಂಪು, ಹಸಿರು, ನೀಲಿ ಮೂರನ್ನೂ ಅಲ್ಪವಿರಾಮ ಹಾಕಿ ಬೇರೆ ಮಾಡುತ್ತಿದ್ದರು. ಈಗಿನ ಸಿಎಸ್‌ಎಸ್‌ನಲ್ಲಿ ಬರೀ ಜಾಗ ಬಿಟ್ಟು '0 0 0 / 50%' ಎಂದು ಬರೆಯಬಹುದು. ಗೆರೆಯ ಆಚೆ ಇರುವುದು ಎಷ್ಟು ಪಾರದರ್ಶಕ ಅನ್ನುವ ಅಳತೆ. ಲಿಬ್‌ಸ್ಯಾಸ್‌ಗೆ ಈ ರೀತಿ ಗೊತ್ತಿಲ್ಲ. ಅಲ್ಪವಿರಾಮ ಕಾಣಲಿಲ್ಲವಾದ್ದರಿಂದ ಆವರಣದಲ್ಲಿರುವ ಅಷ್ಟನ್ನೂ ಒಂದೇ ಮೌಲ್ಯ, ಅಂದರೆ ಕೆಂಪು, ಎಂದು ತಿಳಿಯುತ್ತದೆ. ಆಮೇಲೆ ಹಸಿರನ್ನು ಹುಡುಕುತ್ತದೆ. ಸಿಗುವುದಿಲ್ಲ. ನಿಂತುಬಿಡುತ್ತದೆ.

ಇದೇ ಜಾತಿಯ ಇನ್ನೊಂದು ಪೆಟ್ಟು 'ಮಿನ್' ಫಂಕ್ಷನ್‌ನಿಂದ ಬರುತ್ತದೆ. ಪರದೆಯ ಅಗಲ ಅಥವಾ 500 ಪಿಕ್ಸೆಲ್, ಯಾವುದು ಕಡಿಮೆಯೋ ಅದು ಎಂದು ಇಂದಿನ ಸಿಎಸ್‌ಎಸ್‌ನಲ್ಲಿ ಬರೆದರೆ ಬ್ರೌಸರ್ ಲೆಕ್ಕ ಹಾಕುತ್ತದೆ. ಲಿಬ್‌ಸ್ಯಾಸ್ ಅದನ್ನು ತನ್ನ ಫಂಕ್ಷನ್ ಅಂದುಕೊಂಡು ಅಲ್ಲೇ ಲೆಕ್ಕ ಹಾಕಲು ಹೋಗಿ, ಎರಡೂ ಅಳತೆ ಹೊಂದುವುದಿಲ್ಲ ಎಂದು ಕೈಚೆಲ್ಲುತ್ತದೆ.

ಆ್ಯಪ್‌ನಲ್ಲಿ ಸ್ಯಾಸ್ ಬಳಕೆಯೇ ಇಲ್ಲದಿದ್ದರೆ ಆ ಜೆಮ್ ತೆಗೆದರೆ ಸಾಕು. ಸ್ಯಾಸ್ ಬೇಕಿದ್ದರೆ ಕಂಪೈಲರ್ ಬದಲಿಸಬೇಕು. ಕುಗ್ಗಿಸುವ ಕೆಲಸವನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿದರೆ ಅವತ್ತಿನ ಡಿಪ್ಲಾಯ್ ಆಗುತ್ತದೆ ನಿಜ. ಆದರೆ ನಾಳೆ ಇದೇ ಬಣ್ಣವನ್ನು ನಿಮ್ಮ ಸ್ಯಾಸ್ ಫೈಲ್‌ನೊಳಗೇ ಬರೆದ ದಿನ ದೋಷ ಮತ್ತೆ ಬಾಗಿಲಲ್ಲಿ ನಿಂತಿರುತ್ತದೆ.

ಇಂಪೋರ್ಟ್ ಮಾಡಿದ ತಪ್ಪೇನು?

ಈಗ ಎರಡನೇ ಬದಲಾವಣೆಗೆ ಬರೋಣ. ಹದಿನೈದು ವರ್ಷಕ್ಕೂ ಮೇಲ್ಪಟ್ಟು ಜನ ಬಳಸಿದ ಒಂದು ಸಾಲನ್ನು ಸ್ಯಾಸ್ ತಂಡ ತೆಗೆಯುತ್ತಿರುವುದು ಸುಮ್ನೆ ಹಟಕ್ಕಾಗಿ ಅಲ್ಲ.

ಇಂಪೋರ್ಟ್ ಮಾಡಿದ ಫೈಲ್‌ನಲ್ಲಿರುವ ಎಲ್ಲ ಹೆಸರುಗಳೂ ಎಲ್ಲರಿಗೂ ಕಾಣುತ್ತವೆ. ನೀವು 'ಪ್ರೈಮರಿ' ಎಂಬ ಬಣ್ಣ ಇಟ್ಟಿರುತ್ತೀರಿ. ಎಲ್ಲಿಂದಲೋ ತಂದ ಲೈಬ್ರರಿಯೂ ಅದೇ ಹೆಸರಿನ ಬಣ್ಣ ಇಟ್ಟಿರುತ್ತದೆ. ಯಾವುದು ಕೊನೆಗೆ ಬಂತೋ ಅದು ಗೆಲ್ಲುತ್ತದೆ, ಯಾರೂ ಹೇಳುವುದಿಲ್ಲ. ಇನ್ನು ಒಂದು ಫೈಲ್ ತೆರೆದು ಓದುವವರಿಗೆ ಅಲ್ಲಿ ಬಳಸಿದ ಹೆಸರು ಎಲ್ಲಿಂದ ಬಂತು ಎಂದು ತಿಳಿಯಲು ಇಡೀ ಪ್ರಾಜೆಕ್ಟ್ ಜಾಲಾಡಬೇಕು. ಅದಕ್ಕಿಂತ ಹೆಚ್ಚಾಗಿ, ಒಂದೇ ಫೈಲ್ ಅನ್ನು ನಾಲ್ಕು ಕಡೆ ಇಂಪೋರ್ಟ್ ಮಾಡಿದರೆ ಅದರೊಳಗಿನ ಸಿಎಸ್‌ಎಸ್ ನಾಲ್ಕು ಸಲ ಅಚ್ಚಾಗುತ್ತದೆ. ಓದುಗರ ಫೋನ್‌ಗೆ ಅದೇ ಸಾಲುಗಳು ನಾಲ್ಕು ಪಟ್ಟು ಇಳಿಯುತ್ತವೆ.

ಇದಕ್ಕೆ ಬದಲಾಗಿ 2019ರ ಅಕ್ಟೋಬರ್‌ನಲ್ಲಿ, ಡಾರ್ಟ್ ಸ್ಯಾಸ್ 1.23ರಲ್ಲಿ, 'ಯೂಸ್' ಮತ್ತು 'ಫಾರ್ವರ್ಡ್' ಬಂದವು. ಫಾರ್ವರ್ಡ್ ಒಂದು ಫೈಲ್‌ನ ಹೆಸರುಗಳನ್ನು ಇನ್ನೊಂದರ ಮೂಲಕ ಮುಂದಕ್ಕೆ ದಾಟಿಸುತ್ತದೆ. ಯೂಸ್ ಮಾಡಿದ ಫೈಲ್ ಒಂದೇ ಸಲ ಲೋಡ್ ಆಗುತ್ತದೆ. ಅದರೊಳಗಿನ ಹೆಸರನ್ನು ಬಳಸುವಾಗ ಫೈಲ್ ಹೆಸರನ್ನೂ ಮುಂದೆ ಹೇಳಬೇಕು. 'ಬಣ್ಣ' ಎಂಬ ಫೈಲ್‌ನಲ್ಲಿ 'ಕೆಂಪು' ಇದ್ದರೆ 'ಬಣ್ಣ ಚುಕ್ಕಿ ಕೆಂಪು' ಎಂದು ಬರೆಯಬೇಕು. ಮನೆ ಹೆಸರು ಸೇರಿಸಿ ಕರೆದ ಹಾಗೆ. ಯಾವ ಊರಿನ ಯಾರು ಎಂಬ ಗೊಂದಲ ಉಳಿಯುವುದಿಲ್ಲ, ಅಲ್ವಾ?

ಐದು ವರ್ಷ ಎರಡೂ ಜೊತೆಯಲ್ಲೇ ಇದ್ದವು. 2024ರ ಅಕ್ಟೋಬರ್‌ನಲ್ಲಿ ಬಂದ 1.80 ಆವೃತ್ತಿಯಿಂದ ಇಂಪೋರ್ಟ್‌ಗೆ ಎಚ್ಚರಿಕೆ ಶುರುವಾಯಿತು. ಅದನ್ನು ತೆಗೆಯುವ 3.0 ಆವೃತ್ತಿ, 1.80 ಬಂದು ಎರಡು ವರ್ಷ ಆಗುವ ಮೊದಲು ಬರುವುದಿಲ್ಲ ಎಂದು ಸ್ಯಾಸ್ ತಂಡ ಮಾತು ಕೊಟ್ಟಿದೆ. ಅಂದರೆ 2026ರ ಅಕ್ಟೋಬರ್‌ಗೆ ಮೊದಲು ಇಲ್ಲ. ಬಂದ ಮೇಲೂ ನಿಮ್ಮ ಆ್ಯಪ್ ತನ್ನಷ್ಟಕ್ಕೆ ತಾನೇ ಮುರಿಯುವುದಿಲ್ಲ. ನೀವಾಗಿ ಆ ಆವೃತ್ತಿಗೆ ಹೋದಾಗ ಮಾತ್ರ ಮುರಿಯುತ್ತದೆ. ಎಚ್ಚರಿಕೆ ಅಂದರೆ ದೋಷ ಅಲ್ಲ ಅನ್ನುವುದು ಈ ಗದ್ದಲದಲ್ಲಿ ಮರೆತುಹೋಗಿದೆ. ಅಪ್ಪಟ ಸಿಎಸ್‌ಎಸ್‌ನ ಇಂಪೋರ್ಟ್, ಅಂದರೆ ಯುಆರ್‌ಎಲ್ ಕೊಟ್ಟು ಫಾಂಟ್ ತರಿಸುವಂಥ ಸಾಲು, ಮೊದಲಿನ ಹಾಗೇ ಇರುತ್ತದೆ.

ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಸ್ಟೈಲ್‌ಗಳ ಲೈಬ್ರರಿ ಬಳಸುವವರ ಕಷ್ಟ ಮಾತ್ರ ಬೇರೆ. ಅದರ 5ನೇ ಆವೃತ್ತಿಯ ಮೂಲ ಫೈಲ್‌ಗಳೇ ಇಂಪೋರ್ಟ್ ಮೇಲೆ ನಿಂತಿವೆ. ನೀವು ನಿಮ್ಮ ಮನೆ ಎಷ್ಟು ಗುಡಿಸಿದರೂ ಪಕ್ಕದ ಮನೆಯ ಎಚ್ಚರಿಕೆ ಕೇಳಿಸುತ್ತಲೇ ಇರುತ್ತದೆ. ಡಾರ್ಟ್ ಸ್ಯಾಸ್‌ನಲ್ಲಿ ಹೊರಗಿನ ಲೈಬ್ರರಿಗಳಿಂದ ಬರುವ ಎಚ್ಚರಿಕೆಯನ್ನಷ್ಟೇ ಅಡಗಿಸುವ 'ಕ್ವೈಟ್ ಡೆಪ್ಸ್' ಎಂಬ ಆಯ್ಕೆ ಇದೆ. ಅದನ್ನು ಬಳಸುವುದರಲ್ಲಿ ತಪ್ಪಿಲ್ಲ, ಯಾಕೆಂದರೆ ಆ ಫೈಲ್‌ಗಳನ್ನು ತಿದ್ದುವುದು ನಿಮ್ಮ ಕೆಲಸವಲ್ಲ. ನಿಮ್ಮದೇ ಫೈಲ್‌ಗಳ ಎಚ್ಚರಿಕೆಯನ್ನೂ ಸೇರಿಸಿ ಎಲ್ಲವನ್ನೂ ಮುಚ್ಚುವುದು ಮಾತ್ರ ಸಾಲ ಬೆಳೆಯಲು ಬಿಟ್ಟ ಹಾಗೆ. ಗಮನಿಸಿ, ಒಂದೇ ಬಗೆಯ ಎಚ್ಚರಿಕೆ ಐದು ಸಲ ಬಂದ ಮೇಲೆ ಕಂಪೈಲರ್ ಉಳಿದವನ್ನು ತೋರಿಸದೆ 'ಇನ್ನೂ ಇಷ್ಟಿವೆ' ಎಂದು ಲೆಕ್ಕ ಮಾತ್ರ ಹೇಳುತ್ತದೆ. ಪರದೆಯ ಮೇಲೆ ಕಂಡಷ್ಟೇ ಕೆಲಸ ಎಂದು ತಿಳಿಯಬಾರದು.

ಸದ್ದಿಲ್ಲದೆ ಬಣ್ಣ ಬದಲಿಸುವ ಎಚ್ಚರಿಕೆ

ಇಂಪೋರ್ಟ್ ಸದ್ದು ಜಾಸ್ತಿ ಮಾಡುತ್ತದೆ. ನಿಜವಾಗಿ ಹುಷಾರಾಗಿರಬೇಕಾದದ್ದು ಇನ್ನೊಂದರ ಬಗ್ಗೆ.

ಪುಟದಲ್ಲಿರುವ ಒಂದು ಚೌಕಕ್ಕೆ, ಅಂದರೆ ಕಾರ್ಡ್‌ಗೆ, ಸ್ಟೈಲ್ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಮೊದಲು ಅದರೊಳಗೆ ಒಂದು ಮೀಡಿಯಾ ಕ್ವೆರಿ (ಪರದೆಯ ಅಗಲದಂಥ ಷರತ್ತು) ಬರೆದು, ದೊಡ್ಡ ಪರದೆಯಲ್ಲಿ ಬಣ್ಣ ನೀಲಿ ಇರಲಿ ಎನ್ನುತ್ತೀರಿ. ಅದರ ಕೆಳಗೆ, ಕಾರ್ಡ್‌ನದೇ ಸಾಲಾಗಿ, ಬಣ್ಣ ಕೆಂಪು ಎನ್ನುತ್ತೀರಿ. ಹಳೆಯ ಸ್ಯಾಸ್ ಏನು ಮಾಡುತ್ತಿತ್ತು ಗೊತ್ತಾ? ಕೆಳಗಿನ 'ಕೆಂಪು' ಸಾಲನ್ನು ಮೇಲಕ್ಕೆ ಎತ್ತಿ, ಮೀಡಿಯಾ ಕ್ವೆರಿಯನ್ನು ಅದರ ಕೆಳಗೆ ಇಡುತ್ತಿತ್ತು. ಸಿಎಸ್‌ಎಸ್‌ನಲ್ಲಿ ಕೊನೆಗೆ ಬಂದದ್ದು ಗೆಲ್ಲುತ್ತದೆ. ಹಾಗಾಗಿ ದೊಡ್ಡ ಪರದೆಯಲ್ಲಿ ನೀಲಿ ಕಾಣುತ್ತಿತ್ತು.

2023ರಲ್ಲಿ ಬ್ರೌಸರ್‌ಗಳಿಗೇ ನೆಸ್ಟಿಂಗ್ ಬಂತು. ಏಪ್ರಿಲ್‌ನಲ್ಲಿ ಕ್ರೋಮ್ 112, ಮೇ ತಿಂಗಳಲ್ಲಿ ಸಫಾರಿ 16.5, ಆಗಸ್ಟ್‌ನಲ್ಲಿ ಫೈರ್‌ಫಾಕ್ಸ್ 117. ಸಿಎಸ್‌ಎಸ್‌ನ ನಿಯಮ ಕೊನೆಗೆ ನಿಂತ ರೀತಿಯಲ್ಲಿ, ಬರೆದ ಕ್ರಮವೇ ಕ್ರಮ. ಯಾವ ಸಾಲೂ ಮೇಲಕ್ಕೆ ಏರುವುದಿಲ್ಲ. ಅದೇ ಕೋಡ್‌ಗೆ ಅಲ್ಲಿ ಕೆಂಪು ಬರುತ್ತದೆ. ಒಂದೇ ಥರ ಕಾಣುವ ಎರಡು ಭಾಷೆಗಳು ಎರಡು ಫಲ ಕೊಡುವುದು ಸರಿಯಲ್ಲ ಎಂದು ಸ್ಯಾಸ್ ಕೂಡ ಸಿಎಸ್‌ಎಸ್ ದಾರಿಗೆ ತಿರುಗಿತು. 'ಮಿಕ್ಸ್ಡ್ ಡಿಕ್ಲರೇಶನ್' ಎಂಬ ಹೆಸರಿನಲ್ಲಿ ಬರುತ್ತಿದ್ದ ಎಚ್ಚರಿಕೆ ಇದರದ್ದು.

ಇದರಲ್ಲಿ ಕಂಪೈಲ್ ನಿಲ್ಲುವುದಿಲ್ಲ, ದೋಷವೂ ಬರುವುದಿಲ್ಲ. ಕಂಪೈಲರ್ ಆವೃತ್ತಿ ಏರಿಸಿದ ಮೇಲೆ ಎಲ್ಲೋ ಒಂದು ಪುಟದಲ್ಲಿ ಬಣ್ಣವೋ ಅಂತರವೋ ಬದಲಾಗಿರುತ್ತದೆ. ಟೆಸ್ಟ್‌ಗಳಿಗೆ ಅದು ಕಾಣುವುದಿಲ್ಲ, ಬಳಸುವವರಿಗೆ ಕಾಣುತ್ತದೆ. ಮುನ್ನೆಚ್ಚರಿಕೆ ಸುಲಭವಾದದ್ದು. ಒಂದು ನಿಯಮದ ನೇರ ಸಾಲುಗಳನ್ನೆಲ್ಲ ಮೊದಲು ಬರೆದು, ಒಳಗಿನ ನಿಯಮಗಳನ್ನು ಆಮೇಲೆ ಬರೆದರೆ ಹಳೆಯದರಲ್ಲೂ ಹೊಸದರಲ್ಲೂ ಒಂದೇ ಫಲ.

ಭಾಗಾಕಾರಕ್ಕೆ ಓರೆಗೆರೆ ಬಿಟ್ಟು 'ಮ್ಯಾತ್ ಡಿವ್' ಬಳಸಬೇಕಾಗಿರುವುದು, ಬಣ್ಣ ಗಾಢ ಮಾಡುವ 'ಡಾರ್ಕನ್' ಹೋಗಿ 'ಕಲರ್' ಮಾಡ್ಯೂಲ್ ಬಂದಿರುವುದು ಇದೇ ಕಾರಣಕ್ಕೆ. ಓರೆಗೆರೆ ಈಗ ಸಿಎಸ್‌ಎಸ್‌ಗೆ ಬೇಕು, ಬಣ್ಣದ ಲೆಕ್ಕವೂ ಸಿಎಸ್‌ಎಸ್‌ನಲ್ಲಿ ಹಿಗ್ಗಿದೆ.

ರೇಲ್ಸ್ ಕೈ ತೆಗೆದದ್ದು ಯಾಕೆ?

ಮೂರನೆಯದು ಜಾಗದ ಬದಲಾವಣೆ. ರೇಲ್ಸ್ 8ರಲ್ಲಿ ಸ್ಪ್ರಾಕೆಟ್ಸ್ ಜಾಗಕ್ಕೆ ಪ್ರಾಪ್‌ಶಾಫ್ಟ್ ಬಂದಿದೆ. ಅದು ಸ್ಯಾಸ್ ಕಂಪೈಲ್ ಮಾಡುವುದಿಲ್ಲ, ಫೈಲ್‌ಗಳನ್ನು ಜೋಡಿಸುವುದಿಲ್ಲ, ಕುಗ್ಗಿಸುವುದೂ ಇಲ್ಲ. ಫೈಲ್ ಎಲ್ಲಿದೆ ಎಂದು ಹುಡುಕಿ, ಹೆಸರಿಗೆ ಗುರುತು ಅಂಟಿಸಿ, ಸಿಎಸ್‌ಎಸ್ ಒಳಗಿರುವ ಚಿತ್ರಗಳ ವಿಳಾಸವನ್ನು ಆ ಹೊಸ ಹೆಸರಿಗೆ ತಿದ್ದುತ್ತದೆ. ಅಷ್ಟೇ.

ರೇಲ್ಸ್ ಹುಟ್ಟುಹಾಕಿದ ಡೇವಿಡ್ ಹೈನಮೈಯರ್ ಹ್ಯಾನ್ಸನ್ ಅವರ ವಾದ ಹೀಗೆ. 2011ರಲ್ಲಿ ಬ್ರೌಸರ್‌ಗಳು ಬಡವಾಗಿದ್ದವು, ಅದಕ್ಕೆ ನಡುವೆ ಯಂತ್ರ ಬೇಕಿತ್ತು. ಈಗ ಸಿಎಸ್‌ಎಸ್‌ನಲ್ಲೇ ವೇರಿಯಬಲ್ ಇದೆ, ನೆಸ್ಟಿಂಗ್ ಇದೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಹೊಸ ರೀತಿ ಎಚ್‌ಟಿಟಿಪಿ 2 ಬಂದ ಮೇಲೆ ಹತ್ತು ಸಣ್ಣ ಫೈಲ್ ಕಳಿಸುವುದು ಮೊದಲಿನಷ್ಟು ದುಬಾರಿಯಲ್ಲ. ಹಾಗಿದ್ದ ಮೇಲೆ ಬರೆದದ್ದನ್ನೇ ನೇರವಾಗಿ ಕಳಿಸಬಹುದು. ಅವರ ಕಂಪನಿ 37ಸಿಗ್ನಲ್ಸ್ ಕ್ಯಾಂಪ್‌ಫೈರ್ ಎಂಬ ತನ್ನ ಚಾಟ್ ಆ್ಯಪ್ ಅನ್ನು ಸ್ಯಾಸ್ ಇಲ್ಲದೆ, ಅಪ್ಪಟ ಸಿಎಸ್‌ಎಸ್‌ನಲ್ಲೇ ಮಾಡಿ ತೋರಿಸಿದೆ.

ಈ ವಾದದಲ್ಲಿ ಬಲ ಇದೆ. ಆದರೆ ಎದುರು ಪಕ್ಷದ ಮಾತೂ ಹಗುರವಲ್ಲ. ಸಿಎಸ್‌ಎಸ್ ವೇರಿಯಬಲ್ ಅನ್ನು ಮೀಡಿಯಾ ಕ್ವೆರಿಯ ಷರತ್ತಿನೊಳಗೆ ಬಳಸಲಾಗುವುದಿಲ್ಲ. ಆದ್ದರಿಂದ 'ಟ್ಯಾಬ್ಲೆಟ್ ಅಗಲ' ಎಂಬುದಕ್ಕೆ ಒಂದು ಹೆಸರಿಟ್ಟು ಎಲ್ಲ ಕಡೆ ಬಳಸಬೇಕೆಂದರೆ ಸ್ಯಾಸ್‌ನಲ್ಲಿ ಸಲೀಸು, ಸಿಎಸ್‌ಎಸ್‌ನಲ್ಲಿ ಆಗುವುದಿಲ್ಲ. ಹನ್ನೆರಡು ಕಾಲಮ್‌ಗಳ ಕ್ಲಾಸ್‌ಗಳನ್ನು ಲೂಪ್ ಹಾಕಿ ಹುಟ್ಟಿಸುವುದು ಸ್ಯಾಸ್‌ನಲ್ಲಿ ಮೂರು ನಾಲ್ಕು ಸಾಲಿನ ಕೆಲಸ. ಸಿಎಸ್‌ಎಸ್‌ನಲ್ಲಿ ಲೂಪ್ ಇಲ್ಲ. ಆಂಪರ್‌ಸ್ಯಾಂಡ್ ಗುರುತಿಗೆ ಬಾಲ ಅಂಟಿಸಿ 'ಕಾರ್ಡ್' ಎಂಬುದರಿಂದ 'ಕಾರ್ಡ್ ಟೈಟಲ್' ಎಂಬ ಕ್ಲಾಸ್ ಹೆಸರು ಮಾಡುವ ಅಭ್ಯಾಸ ಎಷ್ಟೋ ತಂಡಗಳಲ್ಲಿದೆ. ಬ್ರೌಸರ್‌ನ ನೆಸ್ಟಿಂಗ್ ಅದನ್ನು ಒಪ್ಪುವುದಿಲ್ಲ. ಫೈಲ್‌ನ ಬಾಲ ಬದಲಿಸಿ ಸ್ಯಾಸ್ ಅನ್ನು ಸಿಎಸ್‌ಎಸ್ ಮಾಡಬಹುದು ಅಂದುಕೊಂಡವರು ಮೊದಲು ಎಡವುವುದು ಇಲ್ಲೇ. ಇನ್ನು ವೇರಿಯಬಲ್ ಹೆಸರು ತಪ್ಪಾದರೆ ಸ್ಯಾಸ್ ಕಂಪೈಲ್ ಹೊತ್ತಿಗೇ ಹಿಡಿಯುತ್ತದೆ. ಬ್ರೌಸರ್ ಬಾಯಿ ಬಿಡದೆ ಆ ಸಾಲನ್ನೇ ಕಡೆಗಣಿಸುತ್ತದೆ.

ಇದೇನೂ ರೇಲ್ಸ್ ಒಂದರ ಹಾದಿಯಲ್ಲ. ರೇಲ್ಸ್‌ನಂಥದ್ದೇ ಪಿಎಚ್‌ಪಿ ಚೌಕಟ್ಟು ಲಾರವೆಲ್ 2022ರಲ್ಲಿ ಮಿಕ್ಸ್ ಎಂಬ ಬಿಲ್ಡ್ ಟೂಲ್ ಬಿಟ್ಟು ವೀಟ್ ಎಂಬುದಕ್ಕೆ ಹೋಯಿತು. ಪೈಥಾನ್‌ನ ಜ್ಯಾಂಗೋ ತಾನು ಕಂಪೈಲ್ ಮಾಡದೆ ಫೈಲ್ ಸಂಗ್ರಹಿಸಿ ಕೊಡುವುದನ್ನಷ್ಟೇ ಮಾಡುತ್ತದೆ. ಟೈಲ್‌ವಿಂಡ್ 4 ತಾನು ಸ್ಯಾಸ್ ಜೊತೆ ಬಳಸಲು ಮಾಡಿದ್ದಲ್ಲ ಎಂದು ನೇರವಾಗಿಯೇ ಹೇಳಿದೆ.

ಕನ್ನಡದ ಒಂದು ಪುಟ

ಸ್ಯಾಸ್ ವೇರಿಯಬಲ್‌ಗೂ ಸಿಎಸ್‌ಎಸ್ ವೇರಿಯಬಲ್‌ಗೂ ಇರುವ ವ್ಯತ್ಯಾಸ ಕನ್ನಡದಲ್ಲಿ ಸೈಟ್ ಮಾಡುವವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್‌ಗೆ ಸಾಕಾಗುವ ಸಾಲಿನ ಎತ್ತರ ಕನ್ನಡಕ್ಕೆ ಸಾಲುವುದಿಲ್ಲ. 'ರಾಷ್ಟ್ರ' ಎಂಬ ಪದದ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ತಲಕಟ್ಟುಗಳಿಗೆ ತಾಗುತ್ತವೆ.

ಸಾಲಿನ ಎತ್ತರವನ್ನು ಸ್ಯಾಸ್ ವೇರಿಯಬಲ್‌ನಲ್ಲಿ ಇಟ್ಟರೆ ಕಂಪೈಲ್ ಆಗುವಾಗಲೇ ಹೆಸರು ಮಾಯವಾಗಿ ಒಂದು ಅಂಕಿ ಉಳಿಯುತ್ತದೆ. ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇದ್ದರೆ ಆ ಹೆಸರು ಬಳಸಿದ ಪ್ರತಿ ನಿಯಮವನ್ನೂ ಎರಡು ಸಲ ಬರೆಯಬೇಕು. ಸಿಎಸ್‌ಎಸ್ ವೇರಿಯಬಲ್‌ನಲ್ಲಿ ಇಟ್ಟರೆ ಅದು ಬ್ರೌಸರ್‌ವರೆಗೂ ಜೀವಂತ ಇರುತ್ತದೆ. ಕನ್ನಡ ಎಂದು ಗುರುತು ಹಾಕಿದ ಭಾಗದಲ್ಲಿ ಮಾತ್ರ 1.5 ಇದ್ದದ್ದನ್ನು 1.8 ಮಾಡಿದರೆ ಅದನ್ನು ಬಳಸಿದ ಎಲ್ಲ ಕಡೆಯೂ ತಾನಾಗಿ ಬದಲಾಗುತ್ತದೆ. ಈ ಕೆಲಸಕ್ಕೆ ಸಿಎಸ್‌ಎಸ್ ಮೇಲು, ಪರದೆ ಅಗಲದ ಹೆಸರಿಗೆ ಸ್ಯಾಸ್ ಮೇಲು. ಒಂದೇ ಪ್ರಾಜೆಕ್ಟ್‌ನಲ್ಲಿ ಎರಡೂ ಇರಬಹುದು, ಇರುವುದರಲ್ಲಿ ತಪ್ಪೇನೂ ಇಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಇರುವ ಆ್ಯಪ್ ಅನ್ನು ರೇಲ್ಸ್ 8ಕ್ಕೆ ಏರಿಸಿದರೆ ಸ್ಪ್ರಾಕೆಟ್ಸ್ ಕಡ್ಡಾಯವಾಗಿ ಹೋಗಲೇಬೇಕು ಎಂದೇನಿಲ್ಲ. ಜೆಮ್ ಪಟ್ಟಿಯಲ್ಲಿ ಅದನ್ನು ಉಳಿಸಿಕೊಳ್ಳಬಹುದು. ಹೊಸ ಆ್ಯಪ್‌ಗೂ ಹುಟ್ಟುವಾಗಲೇ ಸ್ಯಾಸ್ ಬೇಕೆಂದು ಕೇಳಬಹುದು. ಹಾಗಾಗಿ ಮೂರನ್ನೂ ಒಂದೇ ವಾರದಲ್ಲಿ, ಒಂದೇ ಬ್ರಾಂಚ್‌ನಲ್ಲಿ ಮಾಡಲು ಹೋಗಬೇಡಿ. ಆಗ ಪುಟ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಕಂಪೈಲರ್ ಮೊದಲು ಬದಲಾಗಲಿ. ಸ್ಪ್ರಾಕೆಟ್ಸ್ ಇಟ್ಟುಕೊಂಡೇ ಒಳಗಿನ ಸ್ಯಾಸ್‌ಸಿ ತೆಗೆದು ಡಾರ್ಟ್ ಸ್ಯಾಸ್ ಹಾಕುವ 'ಡಾರ್ಟ್‌ಸ್ಯಾಸ್-ಸ್ಪ್ರಾಕೆಟ್ಸ್' ಎಂಬ ಜೆಮ್ ಇದೆ. ಹಳೆಯ ಅಭ್ಯಾಸಗಳೆಲ್ಲ ಹಾಗೇ ಇರುತ್ತವೆ, ಯಂತ್ರ ಮಾತ್ರ ಹೊಸದು. ಎಚ್ಚರಿಕೆಗಳು ಆಗ ಶುರುವಾಗುತ್ತವೆ, ಆಗಲಿ. ಅವು ನಿಮ್ಮ ಮುಂದಿನ ಕೆಲಸದ ಪಟ್ಟಿ.

ಆಮೇಲೆ ಜಾಗ. 'ಡಾರ್ಟ್‌ಸ್ಯಾಸ್-ರೇಲ್ಸ್' ಹಾಕಿಕೊಂಡರೆ ಕಂಪೈಲ್ ಪ್ರತ್ಯೇಕ ಕೆಲಸವಾಗಿ ಓಡುತ್ತದೆ. ನೋಡ್ ಬೇಕಿಲ್ಲ. ಸ್ಯಾಸ್ ಫೈಲ್ ಓದಿ, ಸಿಎಸ್‌ಎಸ್ ಅನ್ನು 'ಬಿಲ್ಡ್ಸ್' ಎಂಬ ಫೋಲ್ಡರ್‌ನಲ್ಲಿ ಇಡುತ್ತದೆ. ಅಲ್ಲಿಂದ ಮುಂದಿನದು ಸ್ಪ್ರಾಕೆಟ್ಸ್ ಅಥವಾ ಪ್ರಾಪ್‌ಶಾಫ್ಟ್‌ನದ್ದು. ಇಲ್ಲಿ ಹಳಬರು ಎಡವುವ ಜಾಗಗಳು ಇವೆ. ಬರೀ ರೇಲ್ಸ್ ಸರ್ವರ್ ಶುರು ಮಾಡಿದರೆ ಸ್ಯಾಸ್ ತಿದ್ದಿದ್ದು ಪುಟದಲ್ಲಿ ಕಾಣುವುದಿಲ್ಲ. ಸರ್ವರ್ ಜೊತೆಗೆ ಫೈಲ್‌ಗಳನ್ನು ಕಾಯುವ ಕೆಲಸವೂ ಓಡುತ್ತಿರಬೇಕು. ಎರಡನ್ನೂ ಒಟ್ಟಿಗೆ ಎಬ್ಬಿಸಲೆಂದೇ 'ಬಿನ್ ಡೆವ್' ಇದೆ. ಬಿಲ್ಡ್ಸ್ ಫೋಲ್ಡರ್ ಕೋಡ್ ಕೂಡಿಡುವ ಗಿಟ್‌ಗೆ ಸೇರುವುದಿಲ್ಲವಾದ್ದರಿಂದ, ಹೊಸ ಯಂತ್ರದಲ್ಲಿ ಕೋಡ್ ಇಳಿಸಿಕೊಂಡ ತಕ್ಷಣ 'ಸ್ಟೈಲ್‌ಶೀಟ್ ಸಿಗಲಿಲ್ಲ' ಎಂಬ ದೋಷ ಬರಬಹುದು. ಒಮ್ಮೆ ಬಿಲ್ಡ್ ಮಾಡಿದರೆ ಹೋಗುತ್ತದೆ.

ಹಳೆಯ ಪೈಪ್‌ಲೈನ್ ಕೊಟ್ಟಿದ್ದ ಕೆಲವು ಅನುಕೂಲಗಳೂ ಇಲ್ಲಿ ಇರುವುದಿಲ್ಲ. 'ಇಮೇಜ್ ಯುಆರ್‌ಎಲ್' ಎಂಬ ಹೆಲ್ಪರ್ ರೇಲ್ಸ್ ಸೇರಿಸಿದ್ದು, ಸ್ಯಾಸ್‌ನದ್ದಲ್ಲ. ಅದನ್ನು ಸಾಮಾನ್ಯ ಯುಆರ್‌ಎಲ್ ಮಾಡಬೇಕು. ನಕ್ಷತ್ರ ಗುರುತು ಹಾಕಿ ಇಡೀ ಫೋಲ್ಡರ್ ಇಂಪೋರ್ಟ್ ಮಾಡುವುದೂ ರೇಲ್ಸ್ ಕಡೆಯದ್ದೇ. ಈಗ ಫೈಲ್ ಹೆಸರುಗಳನ್ನು ಒಂದೊಂದಾಗಿ ಬರೆಯಬೇಕು. ಬೇಸರದ ಕೆಲಸ, ಆದರೆ ಯಾವ ಫೈಲ್ ಯಾವಾಗ ಬರುತ್ತದೆ ಎಂಬ ಕ್ರಮ ಮೊದಲ ಸಲ ಕಣ್ಣಿಗೆ ಕಾಣುತ್ತದೆ.

ಭಾಷೆ ಕೊನೆಗೆ. ಸ್ಯಾಸ್ ತಂಡವೇ ಕೊಟ್ಟಿರುವ ಮೈಗ್ರೇಟರ್ ಇಂಪೋರ್ಟ್ ಸಾಲುಗಳನ್ನು ಯೂಸ್ ಆಗಿ ಬದಲಿಸುತ್ತದೆ, ಹೆಸರುಗಳ ಮುಂದೆ ಮಾಡ್ಯೂಲ್ ಹೆಸರು ಸೇರಿಸುತ್ತದೆ, ಭಾಗಾಕಾರವನ್ನೂ ತಿದ್ದುತ್ತದೆ. ಓಡಿಸುವ ಮೊದಲು ಈಗಿನ ಸಿಎಸ್‌ಎಸ್‌ನ ಒಂದು ಪ್ರತಿ ತೆಗೆದಿಡಿ. ಓಡಿಸಿದ ಮೇಲೆ ಬಂದದ್ದನ್ನು ಅದರ ಜೊತೆ ಡಿಫ್ ಮಾಡಿ, ಅಂದರೆ ಸಾಲು ಸಾಲಾಗಿ ಹೋಲಿಸಿ, ನೋಡಿ. ಎರಡು ಸಲ ಅಚ್ಚಾಗುತ್ತಿದ್ದ ಸಾಲುಗಳು ಒಂದಾಗಿದ್ದರೆ ಸಂತೋಷ. ಕ್ರಮ ಬದಲಾಗಿದ್ದರೆ ಆ ಪುಟವನ್ನು ತೆರೆದು ಕಣ್ಣಾರೆ ನೋಡಬೇಕು.

ಹೊಸದಾಗಿ ಶುರು ಮಾಡುವ ಸಣ್ಣ ಆ್ಯಪ್‌ಗೆ ಸ್ಯಾಸ್ ಬೇಕೇ? ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಇಂದಿನ ಸಿಎಸ್‌ಎಸ್ ಸಾಕು. ಬೂಟ್‌ಸ್ಟ್ರ್ಯಾಪ್ ತಿದ್ದಿ ಬಳಸುವವರು, ದೊಡ್ಡ ಡಿಸೈನ್ ಸಿಸ್ಟಮ್ ಇಟ್ಟುಕೊಂಡವರು, ವರ್ಷಗಟ್ಟಲೆ ಬರೆದ ಸ್ಯಾಸ್ ಇರುವವರು ಅದನ್ನು ಬಿಸಾಡಲು ಯಾವ ಕಾರಣವೂ ಇಲ್ಲ. ಅವರು ಮಾಡಬೇಕಾದ ಒಂದು ಸಣ್ಣ ಕೆಲಸ ಇವತ್ತೇ ಮಾಡಬಹುದು. ಕಂಪೈಲರ್‌ನ ಆವೃತ್ತಿಯನ್ನು, ಜೆಮ್‌ಗಳ ಆವೃತ್ತಿ ಬರೆದಿಡುವ ಲಾಕ್ ಫೈಲ್‌ನಲ್ಲಿ ಕಟ್ಟಿಹಾಕಿ. ಒಂದು ಬಗೆಯ ಎಚ್ಚರಿಕೆ ಪೂರ್ತಿ ಮುಗಿದ ಮೇಲೆ ಅದನ್ನು 'ಫೇಟಲ್ ಡೆಪ್ರಿಕೇಶನ್' ಆಯ್ಕೆಯಲ್ಲಿ ಸೇರಿಸಿ. ಆಮೇಲೆ ತಂಡದಲ್ಲಿ ಯಾರಾದರೂ ಮರೆತು ಹಳೆಯ ಸಾಲು ಬರೆದರೆ, ಕಂಪೈಲ್ ಅಲ್ಲೇ ನಿಂತು ಫೈಲ್ ಹೆಸರು, ಸಾಲಿನ ಸಂಖ್ಯೆ ಎರಡನ್ನೂ ತೋರಿಸುತ್ತದೆ.